ಬದುಕಿದ್ದೇನೆಂಬ ರುಜು

ತನ್ನ ತಿಥಿಯ ಅಡುಗೆಗೆ ಫ್ಲೋರಿಕ ತಾನೇ ಕೂತು ಈರುಳ್ಳಿ ಹೆಚ್ಚಿದಳು. ಕಣ್ಣಲ್ಲಿ ನೀರು ಬಂತು. ಪಕ್ಕದ ಮನೆಯ ಪೆರ್ಸ ಅದನ್ನು ನೋಡಿ, "ಈಗಲೇ ಅಳ್ಬೇಡ ಕಣೇ, ಜನ ಬರ್ಲಿ," ಎಂದು ರೇಗಿಸಿದಳು.

ನವೆಂಬರಿನ ಒಂದು ಶನಿವಾರ. ಅಂಗಳದಲ್ಲಿ ಉದ್ದನೆಯ ಮೇಜು ಹಾಕಿ ಬಿಳಿ ಬಟ್ಟೆ ಹಾಸಿದ್ದರು. ಹೆಣೆದ ರೊಟ್ಟಿಗಳು, ಬೇಯಿಸಿದ ಗೋಧಿ, ಜೇನು, ಸುಟ್ಟ ಕುರಿಮರಿ, ಪ್ಲಮ್ ಹಣ್ಣಿನ ರಾಕಿಯ ಎಂಬ ಸಾರಾಯಿ, ಎಲ್ಲ ಎರಡೆರಡು ಪಾಲು. ಮೇಜಿನ ತುದಿಯಲ್ಲಿ ಎರಡು ಫೋಟೊ, ಒಂದು ಫ್ಲೋರಿಕಳದು, ಇನ್ನೊಂದು ಅವಳ ಗಂಡ ತ್ರೈಲೊನದು. ಎರಡರ ಮುಂದೂ ಮೇಣದಬತ್ತಿ ಉರಿಯುತ್ತಿತ್ತು. ಫೋಟೊಗಳು ವೀಸಾಕ್ಕೆಂದು ಪಟ್ಟಣದಲ್ಲಿ ತೆಗೆಸಿದವು. ಸ್ಟುಡಿಯೊದವನು ತಲಾ ನಾಲ್ಕು ಪ್ರತಿ ಕೊಟ್ಟಿದ್ದ, ಅರ್ಜಿಗೆ ಎರಡು ಸಾಕು ಅಂದಿದ್ದರು. ಮಿಕ್ಕದ್ದನ್ನು ಸುಮ್ಮನೆ ಯಾಕೆ ಹಾಳು ಮಾಡುವುದು ಎಂದು ಫ್ಲೋರಿಕ ತಿಥಿಗೆ ಇಟ್ಟಳು.

ಟೀಮೊಕ್ ಹೊಳೆಯ ಆಚೀಚೆ ಇರುವ ವ್ಲಾಹರೆಂಬ ಜನರ ಊರುಗಳಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಸತ್ತವರಿಗೆ ಹಾಕುವ ಊಟಕ್ಕೆ ಪೊಮಾನ ಎನ್ನುತ್ತಾರೆ. ಇಲ್ಲಿ ಬಡಿಸಿದ್ದು ಅಲ್ಲಿ, ಆ ಲೋಕದಲ್ಲಿ, ಅವರ ಮುಂದಿನ ಮೇಜಿಗೆ ಹೋಗುತ್ತದೆ. ಹಿಂದೆ ಮಾಡುವವರು ಯಾರೂ ಇಲ್ಲದವರು ಬದುಕಿರುವಾಗಲೇ ತಮ್ಮ ಪೊಮಾನ ತಾವೇ ಮಾಡಿ, ತಾವೇ ಬಡಿಸಿ, ತಾವೇ ಉಂಡು ನಿಶ್ಚಿಂತರಾಗುತ್ತಾರೆ. ಫ್ಲೋರಿಕ, ತ್ರೈಲೊ ಇಬ್ಬರೂ ಊರು ಬಿಟ್ಟು ವಿಯೆನ್ನಾಕ್ಕೆ ಹೊರಟಿದ್ದರು. ಅಲ್ಲಿ ಸತ್ತರೆ ಯಾರು ಕುರಿ ಸುಡುತ್ತಾರೆ? ಸಾಯುವಾಗ ಯಾರು ಕೈಗೆ ಬತ್ತಿ ಕೊಡುತ್ತಾರೆ? ಆಸ್ಪತ್ರೆಯಲ್ಲಿ ಕಡ್ಡಿ ಗೀರಿದರೆ ಬೆಂಕಿಯ ಗಂಟೆ ಹೊಡೆದುಕೊಳ್ಳುತ್ತದಂತೆ.

ವಿಯೆನ್ನಾದಲ್ಲಿರುವುದು ಮಗಳು ಬಿಸೆರ್ಕ ಒಬ್ಬಳೇ. ನಿವೃತ್ತರ ವೀಸಾ ಮಾಡಿಸುತ್ತೇನೆಂದು ಹಟ ಹಿಡಿದವಳೂ ಅವಳೇ. ತ್ರೈಲೊಗೆ ಎಪ್ಪತ್ತಾರು. ಮೂವತ್ತು ವರ್ಷ ತಾಮ್ರದ ಗಣಿಯಲ್ಲಿ ದುಡಿದವನು, ಈಗ ಅಂಗಳ ದಾಟುವಷ್ಟರಲ್ಲಿ ಎರಡು ಸಲ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ಅವನ ಎದೆಗೆ ಇನ್ನೊಂದು ಚಳಿಗಾಲ ಈ ಬೆಟ್ಟದಲ್ಲಿ ಬೇಡ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ವರ್ಷಕ್ಕೆ ಇಷ್ಟೇ ಜನ ಎಂದು ವೀಸಾಕ್ಕೆ ಮಿತಿ. ಹೊಸ ವರ್ಷದ ಮೊದಲ ಕೆಲಸದ ದಿನವೇ ಬೆಲ್‌ಗ್ರೇಡಿನ ದೂತಾವಾಸದ ಬಾಗಿಲಲ್ಲಿ ನಿಂತಿರಬೇಕು, ಕೈಯಲ್ಲಿ ಎಲ್ಲ ಕಾಗದವೂ ಇರಬೇಕು: ವಿಮೆ, ಮನೆಯ ಕರಾರು, ಪೊಲೀಸರ ಪತ್ರ, ಮುಖ್ಯವಾಗಿ ಇಬ್ಬರಿಗೂ ತಿಂಗಳು ತಿಂಗಳು ಪಿಂಚಣಿ ಬರುತ್ತಿದೆ ಎಂಬ ಪತ್ರ. ಒಂದು ಕಾಗದ ಕಡಿಮೆಯಾದರೂ ಮುಂದಿನ ವರ್ಷ. ತ್ರೈಲೊಗೆ ಮುಂದಿನ ವರ್ಷ ಎಂಬುದು ಇತ್ತೋ ಇಲ್ಲವೋ.

ಆದರೂ ಫ್ಲೋರಿಕಳಿಗೆ ಮನಸ್ಸಿರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಮೂವತ್ತೊಂದು ವರ್ಷದ ಹಿಂದೆ, ದುಡ್ಡು ಸಂಬಳವಾಗಿ ಕೈಗೆ ಬರುವಷ್ಟರಲ್ಲಿ ಕಸವಾಗುತ್ತಿದ್ದ ಕೆಟ್ಟ ಕಾಲದಲ್ಲಿ, ಅವಳು ಗಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು. ರಜೆ ಹಾಕಿ ಮೂರು ತಿಂಗಳು ವಿಯೆನ್ನಾಕ್ಕೆ ಹೋಗಿ ಮನೆಗಳ ಮೆಟ್ಟಿಲು ತೊಳೆದಳು. ಹಾಗೆ ತೊಳೆಯುತ್ತಿರುವಾಗ ಇತ್ತ ಮಗ ಯಾಂಕು ಸತ್ತ. ಹತ್ತೊಂಬತ್ತು ವರ್ಷ. ಅಪ್ಪನ ಜೊತೆ ಕಾಡಿಗೆ ಸೌದೆಗೆ ಹೋಗಿದ್ದ, ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಮಗುಚಿಕೊಂಡಿತು. ಅವಳು ಬಸ್ಸಿಳಿದು ಓಡಿ ಬಂದು ಕೇಳಿದ ಮೊದಲ ಮಾತು, "ಕೈಲಿ ಬೆಳಕಿತ್ತಾ?" ಪ್ರಾಣ ಹೋಗುವಾಗ ಕೈಯಲ್ಲಿ ಉರಿಯುವ ಬತ್ತಿ ಇಲ್ಲದವರು ಆ ಲೋಕದಲ್ಲಿ ಎಂದೆಂದಿಗೂ ಕತ್ತಲಲ್ಲೇ ಉಳಿಯುತ್ತಾರೆ; ಈ ಊರುಗಳ ಜನಕ್ಕೆ ಸಾವಿಗಿಂತ ಅದರ ಭಯವೇ ದೊಡ್ಡದು. ತ್ರೈಲೊ ತಲೆಯೆತ್ತಲಿಲ್ಲ. "ಬತ್ತಿ ಇರ್ಲಿಲ್ಲ," ಎಂದ, ಅಷ್ಟೆ.

ನಾನು ಮನೆಯಲ್ಲಿದ್ದಿದ್ದರೆ ಸೌದೆಗೆ ಹೋಗುವವರ ಜೇಬಿಗೆ ಒಂದು ಬತ್ತಿ ಹಾಕಿ ಕಳಿಸುತ್ತಿದ್ದೆ, ನಮ್ಮಮ್ಮ ಹಾಗೇ ಮಾಡುತ್ತಿದ್ದಳು ಎಂದು ಅವಳು ಆ ದಿನದಿಂದ ಕೊರಗಿದ್ದೇ ಕೊರಗಿದ್ದು. ಅಂದಿನಿಂದ ತ್ರೈಲೊ ಸಿಗರೇಟು ಬಿಟ್ಟ. ಹಿತ್ತಾಳೆಯ ಲೈಟರ್ ಮಾತ್ರ ಬಿಡಲಿಲ್ಲ. ಅದಕ್ಕೆ ಕಾಲಕಾಲಕ್ಕೆ ಎಣ್ಣೆ ತುಂಬಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ಇರುತ್ತಿದ್ದ. "ಒಲೆ ಹಚ್ಚೋಕೆ ಬೇಕಲ್ಲ," ಎನ್ನುತ್ತಿದ್ದ. "ಹೆಂಡ್ತಿಗಿಂತ ಅದರ ಮೇಲೇ ನಿಂಗೆ ಪ್ರೀತಿ," ಎಂದು ಫ್ಲೋರಿಕ ಆಡಿಕೊಳ್ಳುತ್ತಿದ್ದಳು.

ಯಾಂಕು ಕನಸಿಗೆ ಬರುತ್ತಿದ್ದ. ವಾರಕ್ಕೊಮ್ಮೆ, ಕೆಲವು ಸಲ ವಾರಕ್ಕೆ ಮೂರು ಸಲ. ಮುಖ ಕಾಣುತ್ತಿರಲಿಲ್ಲ. ಮಲಗುವ ಕೋಣೆಯ ಗೋಡೆಯ ಮೇಲೆ, ಬಾಗಿಲ ಪಕ್ಕದಲ್ಲಿ, ಕೋಟು ನೇತುಹಾಕುವ ಮೊಳೆಯ ಹತ್ತಿರ, ಅವನ ಎರಡು ಕೈ ತಡಕಾಡುತ್ತಿದ್ದವು. ದೀಪದ ಗುಂಡಿ ಹುಡುಕುತ್ತಿದ್ದಾನೆ ಎಂದು ಫ್ಲೋರಿಕ ಎದೆ ಒಡೆದುಕೊಳ್ಳುತ್ತಿದ್ದಳು. ಅಂಗೈ ಸುಣ್ಣಕ್ಕೆ ಉಜ್ಜುವ ಸದ್ದು ಎಚ್ಚರವಾದ ಮೇಲೂ ಕಿವಿಯಲ್ಲಿ ಇರುತ್ತಿತ್ತು. ಪ್ರತಿವರ್ಷ ಅವನ ಪೊಮಾನ ಮಾಡಿ ಆಳೆತ್ತರದ ಬತ್ತಿ ಉರಿಸಿದಳು. ಕೈಗಳು ಬರುವುದು ನಿಲ್ಲಲಿಲ್ಲ. ಇನ್ನು ತಾನೂ ವಿಯೆನ್ನಾಕ್ಕೆ ಹೋದರೆ, ಅದೇ ಊರಿಗೆ, ಎರಡನೇ ಸಲ, ಅವನ ಗತಿ?

ಅಂದು ಪೊಮಾನದ ಊಟ ಅರ್ಧವಾಗಿದ್ದಾಗ ಗೇಟಿನ ಮುಂದೆ ಒಂದು ಕಾರು ನಿಂತಿತು. ಇಳಿದವನು ಬದಲಿ ಅಂಚೆಯವನು. ಊರಿನ ಹಳೆಯ ಅಂಚೆಯವನು ಕಾಲು ಮುರಿದುಕೊಂಡು ಮಲಗಿದ್ದ, ಇವನು ಬಯಲುಸೀಮೆಯಿಂದ ಬಂದು ಇನ್ನೂ ವಾರವಾಗಿರಲಿಲ್ಲ. ಪಿಂಚಣಿಯನ್ನು ಮನೆಗೇ ತಂದು ಕೈಗೆ ಕೊಡುವುದು ಅವನ ಕೆಲಸ.

"ಇಲ್ಲೇನು ನಡೀತಿದೆ?" ಎಂದು ಗೇಟಿನಲ್ಲಿದ್ದ ಪೆರ್ಸಳನ್ನು ಕೇಳಿದ.

"ತ್ರೈಲೊಂದು, ಫ್ಲೋರಿಕಂದು ಪೊಮಾನ ಮಗಾ. ಬಾಗ್ಲಿಗೆ ಬಂದೋನು ಉಣ್ದೆ ಹೋಗ್ಬಾರ್ದು, ಬಾ ಕೂತ್ಕೋ."

ಪೊಮಾನ ಎಂದರೇನೆಂದು ಅವನಿಗೂ ಅಷ್ಟೋ ಇಷ್ಟೋ ಗೊತ್ತಿತ್ತು. ಪಾಪ, ಟೋಪಿ ತೆಗೆದ. ಎರಡು ಫೋಟೊ ನೋಡಿದ, ಬತ್ತಿ ನೋಡಿದ, ಸಿಕ್ಕ ಜಾಗದಲ್ಲಿ ಕೂತ. ಪಕ್ಕದಲ್ಲಿ ಕೆಂಪು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ ಮುದುಕನೊಬ್ಬ ಕುರಿಯ ಮೂಳೆ ಚೀಪುತ್ತಿದ್ದ.

"ಇಬ್ರೂ ಒಟ್ಟಿಗೇನಾ ತಾತ?" ಎಂದು ಮೆಲ್ಲಗೆ ಕೇಳಿದ.

"ಒಟ್ಟಿಗೇ ಮತ್ತೆ. ಅವಳ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ?"

ಅಂಚೆಯವನು ಮುದುಕನಿಗೆ ದುಃಖಕ್ಕೆ ಮಾತು ತಪ್ಪಿದೆ ಎಂದುಕೊಂಡ. "ದೇವ್ರು ಅವ್ರಿಗೆ ಒಳ್ಳೇ ಜಾಗ ಕೊಡ್ಲಿ," ಎಂದ.

"ಜಾಗ ಸಿಗೋದೇ ಕಷ್ಟ ಕಣಪ್ಪಾ. ವರ್ಷಕ್ಕೆ ಇಷ್ಟೇ ಜನ ಅಂತೆ," ಎಂದು ವೀಸಾದ ಯೋಚನೆಯಲ್ಲಿದ್ದ ತ್ರೈಲೊ ಇನ್ನೊಂದು ತುಂಡು ಎಳೆದುಕೊಂಡ. ಗಣಿಯ ಸಿಡಿಮದ್ದಿಗೆ ಅವನ ಒಂದು ಕಿವಿ ಯಾವತ್ತೋ ಹೋಗಿತ್ತು. ಪಕ್ಕದಲ್ಲಿ ಕೂತವನನ್ನು ಪಕ್ಕದೂರಿನ ಯಾರೋ ಹುಡುಗ ಎಂದುಕೊಂಡ.

ಅಂಚೆಯವನು ಚೊಕ್ಕವಾಗಿ ಉಂಡು, ಸತ್ತವರಿಗೆಂದು ಎರಡು ಹನಿ ಸಾರಾಯಿ ನೆಲಕ್ಕೆ ಚೆಲ್ಲಿ, ಹೋಗಿ ಪಿಂಚಣಿಯನ್ನು ಕಚೇರಿಗೆ ಹಿಂದಿರುಗಿಸಿದ. ಚೀಟಿಯಲ್ಲಿ ಬರೆದ: ಗಂಡ, ಹೆಂಡತಿ ಇಬ್ಬರೂ ತೀರಿಕೊಂಡಿದ್ದಾರೆ.

ಹತ್ತು ದಿನಕ್ಕೆ ಕಾಗದ ಬಂತು. ಮೇಲೆ 'ವಾರಸುದಾರರಿಗೆ' ಎಂದಿತ್ತು. ತ್ರೈಲೊ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ: ನಿಮ್ಮ ಅಗಲಿಕೆಯ ದುಃಖದಲ್ಲಿ ನಾವೂ ಭಾಗಿಗಳು, ಪಿಂಚಣಿ ನಿಲ್ಲಿಸಲಾಗಿದೆ. ಪೆರ್ಸ ಹೊಟ್ಟೆ ಹಿಡಿದುಕೊಂಡು ನಕ್ಕಳು. ತ್ರೈಲೊ ನಕ್ಕು ನಕ್ಕು ಕೆಮ್ಮಿಕೊಂಡು ಬಾಗಿಲ ಚೌಕಟ್ಟು ಹಿಡಿದು ನಿಂತ. ವಿಯೆನ್ನಾದಿಂದ ಫೋನಿನಲ್ಲಿ ಬಿಸೆರ್ಕ ಮಾತ್ರ ನಗಲಿಲ್ಲ.

"ಅಪ್ಪಾ, ಇದು ತಮಾಷೆ ಅಲ್ಲ. ಪಿಂಚಣಿ ಪತ್ರ ಇಲ್ದೆ ಅರ್ಜಿ ಮುಟ್ಟೋದೂ ಇಲ್ಲ ಅವ್ರು. ನಾಳೇನೇ ಪಟ್ಟಣಕ್ಕೆ ಹೋಗಿ. ಇಬ್ರೂ. ಖುದ್ದಾಗಿ ಹೋಗಿ ಬದುಕಿದೀವಿ ಅಂತ ರುಜು ಹಾಕ್ಬೇಕಂತೆ."

"ಹೋಗ್ತೀವಿ ಬಿಡು. ಸತ್ತೋರಿಗೆ ಬಸ್ ಚಾರ್ಜು ಇಲ್ವೇನೋ ಕೇಳ್ನೋಡ್ತೀನಿ," ಎಂದ ತ್ರೈಲೊ.

ಅವನು ಮರುದಿನವೇ ಹೋಗಿ ರುಜು ಹಾಕಿ ಬದುಕಿಕೊಂಡು ಬಂದ. ಫ್ಲೋರಿಕ ಹೋಗಲಿಲ್ಲ. ಮಂಡಿ ನೋವು ಅಂದಳು. ಮರುದಿನ ಕೋಳಿಗೆ ಏನೋ ರೋಗ ಅಂದಳು. ಅದರ ಮರುವಾರ ಹಿಮ. ಆಮೇಲೆ ಎಲೆಕೋಸು ಉಪ್ಪಿಗೆ ಹಾಕುವ ಕೆಲಸ, ಅರ್ಧಕ್ಕೆ ಬಿಟ್ಟರೆ ಕೊಳೆಯುತ್ತದೆ. ಹೀಗೆ ಒಂದರ ಹಿಂದೆ ಒಂದು ಕುಂಟುನೆಪ.

ನಿಜ ಏನೆಂದರೆ, ಆ ಕಾಗದ ಬಂದ ವಾರದಿಂದ ಕೈಗಳು ಬರುವುದು ನಿಂತಿತ್ತು.

ಅದರ ಬದಲು ಯಾಂಕು ಬರುತ್ತಿದ್ದ. ಪೂರ್ತಿಯಾಗಿ, ಮುಖದೊಂದಿಗೆ. ಬಲಹುಬ್ಬಿನ ಮೇಲಿನ ಸಣ್ಣ ಗಾಯದ ಗುರುತು ಕೂಡ ಕಾಣುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಅವಳು ಅದನ್ನು ಮರೆತೇಬಿಟ್ಟಿದ್ದಳು. ಉದ್ದನೆಯ ಮೇಜು, ಮೇಲೆ ಬತ್ತಿ ಉರಿಯುತ್ತಿದೆ, ಅವಳು ತನ್ನ ಪೊಮಾನಕ್ಕೆ ಹೆಣೆದ ಅದೇ ರೊಟ್ಟಿಯನ್ನು ಅವನು ಮುರಿದು ಜೇನಿಗೆ ಅದ್ದಿ ತಿನ್ನುತ್ತಿದ್ದಾನೆ. ಅವಳು ಎದುರಿಗೆ ಕೂತಿದ್ದಾಳೆ. "ಬಂದ್ಯಾ ಅಮ್ಮಾ," ಎನ್ನುತ್ತಾನೆ, ಅಷ್ಟೆ.

ಅವಳಿಗೆ ಅರ್ಥವಾಯಿತು. ಸರ್ಕಾರದ ಪುಸ್ತಕದಲ್ಲಿ ಅವಳು ಸತ್ತಿದ್ದಾಳೆ, ಪೊಮಾನವೂ ಆಗಿದೆ, ಅವನ ಪಾಲಿಗೆ ಅವಳು ಬಂದಾಗಿದೆ. ಅವಳ ಹೆಸರಿನ ಬತ್ತಿಯ ಬೆಳಕಿನಲ್ಲಿ ಅವನಿಗೂ ಕಣ್ಣು ಕಾಣುತ್ತಿದೆ. ಈಗ ಹೋಗಿ ಬದುಕಿದ್ದೇನೆಂದು ರುಜು ಹಾಕಿದರೆ ಮಗುವನ್ನು ಮತ್ತೆ ಕತ್ತಲಿಗೆ ತಳ್ಳಿದಂತೆ. ರುಜು ಹಾಕದಿದ್ದರೆ ಈ ಮುದುಕ ಅವಳನ್ನು ಬಿಟ್ಟು ಕದಲುವುದಿಲ್ಲ, ಚಳಿಗಾಲ ಅವನನ್ನು ಉಳಿಸುವುದೂ ಇಲ್ಲ. ಯಾರಿಗೆಂದು ಹೇಳಿಕೊಳ್ಳುತ್ತಾಳೆ? ಪೆರ್ಸಳಿಗೆ ಕೂಡ ಹೇಳಲಿಲ್ಲ. ಸಂಜೆಯಾಗುತ್ತಲೇ ಬೇಗ ಬೇಗ ಪಾತ್ರೆ ತೊಳೆದು ಮಲಗಲು ಓಡುತ್ತಿದ್ದಳು, ಹೊಸದಾಗಿ ಮದುವೆಯಾದವಳಂತೆ. ತ್ರೈಲೊ ಇದನ್ನೆಲ್ಲ ಕಂಡೂ ಕಾಣದವನಂತೆ ಇದ್ದ. ರಾತ್ರಿಯಿಡೀ ಅವನ ಎದೆ ಗೊರಗೊರ ಎನ್ನುತ್ತಿತ್ತು.

ಡಿಸೆಂಬರ್ ಕೊನೆಯ ವಾರ ಬಿಸೆರ್ಕ ಫೋನಿನಲ್ಲೇ ಅತ್ತುಬಿಟ್ಟಳು. "ಅಮ್ಮಾ, ನಿಂಗೆ ಬರೋಕಿಷ್ಟ ಇಲ್ದಿದ್ರೆ ಬಾಯ್ಬಿಟ್ಟು ಹೇಳು. ಅಪ್ಪನ್ನಾದ್ರೂ ನಾನು ಉಳಿಸ್ಕೋತೀನಿ."

ಮರುದಿನ ಬೆಳಿಗ್ಗೆ ಫ್ಲೋರಿಕ ತಲೆಗೆ ಕರಿಬಟ್ಟೆ ಕಟ್ಟಿ, ಚೀಲಕ್ಕೆ ಒಂದು ಮೇಣದಬತ್ತಿ ಹಾಕಿಕೊಂಡು ತ್ರೈಲೊನ ಜೊತೆ ಬಸ್ಸು ಹತ್ತಿದಳು.

ಪಟ್ಟಣದ ಪಿಂಚಣಿ ಕಚೇರಿಯಲ್ಲಿ ಮಿಲೆವ ಎಂಬ ಹೆಂಗಸು ಕೂತಿದ್ದಳು. ಹೀಟರಿನ ಮೇಲೆ ಒದ್ದೆ ಕೈಗವಸು ಒಣಗಿಸುತ್ತ, ಒಳ್ಳೆಯ ಮನಸ್ಸಿನಿಂದಲೇ, "ಬನ್ನಿ ಅಜ್ಜಿ, ನಿಮ್ಮನ್ನ ಇವತ್ತು ಬದುಕ್ಸಿ ಕಳಿಸ್ತೀನಿ," ಎಂದು ನಗುತ್ತ ಹಾಳೆ ಮುಂದೆ ಸರಿಸಿದಳು. 'ನಾನು ಬದುಕಿದ್ದೇನೆ' ಎಂದು ಅಚ್ಚಾಗಿತ್ತು, ಕೆಳಗೆ ಗೆರೆ.

ಫ್ಲೋರಿಕ ಪೆನ್ನು ಹಿಡಿದಳು. ಮತ್ತೆ ಮೇಜಿನ ಮೇಲಿಟ್ಟಳು.

"ಮಗಳೇ," ಎಂದಳು, "ನನ್ನ ಹೀಗೇ ಬಿಟ್ಬಿಡೋಕಾಗಲ್ವಾ? ಇವನೊಬ್ಬನ್ನ ಕಳ್ಸಿ. ನಾನು ಸತ್ತೇ ಇರ್ತೀನಿ. ಯಾರಿಗೇನು ನಷ್ಟ?"

ಮಿಲೆವಳ ನಗು ಹಾಗೇ ನಿಂತಿತು. ತ್ರೈಲೊ ಕೇಳಿಸುವ ಕಿವಿಯನ್ನು ಹೆಂಡತಿಯ ಕಡೆ ತಿರುಗಿಸಿದ. ಅವಳು ಆಗ ಎಲ್ಲ ಹೇಳಿದಳು. ಕೈಗಳ ವಿಷಯ, ಮೇಜಿನ ವಿಷಯ, ಜೇನು, ಹುಬ್ಬಿನ ಮೇಲಿನ ಗುರುತು. "ಒಂದ್ಸಲ ಅವನ್ನ ಬಿಟ್ಟು ವಿಯೆನ್ನಾಕ್ಕೆ ಹೋದೆ, ಕತ್ತಲಲ್ಲಿ ಹೋದ ನನ್ನ ಕಂದ. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ ತ್ರೈಲೊ. ನೀನು ಹೋಗು. ನಿನ್ನ ಕಾಲಿಗೆ ಬೀಳ್ತೀನಿ, ಹೋಗು."

ತ್ರೈಲೊ ಕೋಟಿನ ಜೇಬಿಗೆ ಕೈ ಹಾಕಿ ಲೈಟರ್ ತೆಗೆದು ಆ ಹಾಳೆಯ ಮೇಲಿಟ್ಟ.

"ನೀನು ವಿಯೆನ್ನಾದಲ್ಲಿದ್ದಿದ್ದಕ್ಕೆ ಅವನು ಕತ್ತಲಲ್ಲಿ ಹೋಗ್ಲಿಲ್ಲ," ಎಂದ. "ನಾನು ಪಕ್ಕದಲ್ಲೇ ಇದ್ದೆ. ಇದು ಜೇಬಲ್ಲಿತ್ತು."

"ಬತ್ತಿ ಇರ್ಲಿಲ್ಲ ಅಂದಿದ್ದೆ."

"ಬತ್ತಿ ಇರ್ಲಿಲ್ಲ. ಒಣ ಪುಳ್ಳೆ ಇತ್ತು, ಒಣ ಎಲೆ ಇತ್ತು, ಕಾಡೆಲ್ಲ ಸೌದೆ. ಬರೀ ಇದನ್ನ ಹಚ್ಚಿ ಅವನ ಕೈಲಿಟ್ಟಿದ್ರೂ ಸಾಕಿತ್ತು. ತೆಗ್ದೆ ಕಣೇ. ಕೈಗೆ ತಗೊಂಡೆ. ಅವನು ನೋಡ್ತಾನೇ ಇದ್ದ." ಉಸಿರು ಸಿಕ್ಕಿಕೊಂಡು ಅವನು ಸ್ವಲ್ಪ ತಡೆದ. "ಬೆಳಕು ಕೊಡೋದು ಸಾಯೋರಿಗೆ. ಹಚ್ಚಿದ್ರೆ ಅವನಿಗೆ ಗೊತ್ತಾಗ್ಬಿಡುತ್ತೆ ಅಂತ. ಹಚ್ಚಿದ್ರೆ ಹೋಗೇಬಿಡ್ತಾನೆ ಅಂತ. ಏನಿಲ್ಲ ಮಗಾ, ಜನ ಬರ್ತಿದಾರೆ, ಏನಿಲ್ಲ ಅಂತಾನೇ ಇದ್ದೆ. ಅವನು ಕೈ ಚಾಚ್ದ. ನಾನು ವಾಪಸ್ ಜೇಬಿಗೆ ಹಾಕ್ಕೊಂಡೆ."

ಮಿಲೆವ ಎದ್ದು ಹೋಗಿ ಬಾಗಿಲು ಹಾಕಿ ಬಂದಳು. ಸಾಲಿನಲ್ಲಿ ಕಾಯುತ್ತಿದ್ದವರು ಹೊರಗೇ ಉಳಿದರು.

"ಮೂವತ್ತೊಂದು ವರ್ಷ," ಎಂದಳು ಫ್ಲೋರಿಕ. ದನಿ ಏರಲಿಲ್ಲ, ಅದೇ ಭಯವಾಗುವಂತಿತ್ತು. "ಮೂವತ್ತೊಂದು ವರ್ಷ ನಾನು ಗೋಡೆ ನೋಡ್ತಾ ಮಲ್ಗಿದೀನಿ. ನೀನು ಪಕ್ಕದಲ್ಲೇ ಮಲ್ಗಿದ್ದೆ. ಒಂದು ದಿನ ಹೇಳ್ಬೇಕು ಅನ್ನಿಸ್ಲಿಲ್ವೇನೋ ಪಾಪಿ?"

"ದಿನಾ ಅನ್ನಿಸ್ತು."

ಅವಳು ಲೈಟರನ್ನೇ ನೋಡುತ್ತ ಕೂತಳು. ಗೋಡೆ, ಬಾಗಿಲ ಪಕ್ಕ, ಮೊಳೆ. ಆ ಮೊಳೆಗೆ ಮೂವತ್ತೊಂದು ವರ್ಷದಿಂದ ನೇತಾಡುತ್ತಿದ್ದದ್ದು ತ್ರೈಲೊನ ಕೋಟು.

"ಅವನು ದೀಪ ಹುಡುಕ್ತಿರ್ಲಿಲ್ಲ," ಎಂದಳು. "ನನ್ನನ್ನೂ ಹುಡುಕ್ತಿರ್ಲಿಲ್ಲ. ನಿನ್ನ ಜೇಬು ತಡಕಾಡ್ತಿದ್ದ."

ತ್ರೈಲೊ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಫ್ಲೋರಿಕ ಲೈಟರನ್ನು ಹಾಳೆಯ ಮೇಲಿಂದ ಪಕ್ಕಕ್ಕೆ ಸರಿಸಿ, ಪೆನ್ನೊತ್ತಿ, ಕಾಗದ ಹರಿಯುವ ಹಾಗೆ ರುಜು ಹಾಕಿದಳು. ಚೀಲದಿಂದ ಬತ್ತಿ ತೆಗೆದು, ಲೈಟರಿನ ಜೊತೆ ಸೇರಿಸಿ, ಗಂಡನ ಕೋಟಿನ ಜೇಬಿಗೆ ತುರುಕಿದಳು. "ಇನ್ಮೇಲೆ ನಿನ್ಹತ್ರ ಬರ್ತಾನೆ. ಮಲ್ಗಿದ್ರೂ ಎಚ್ಚರ ಇರು," ಎಂದಳು.

ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಹೊಸ ವರ್ಷ ಬಂತು, ಬೆಲ್‌ಗ್ರೇಡಿನಲ್ಲಿ ಚಳಿಯಲ್ಲಿ ನಿಂತು ಅರ್ಜಿ ಕೊಟ್ಟರು, ಆಗಲೂ ಅವಳು ಗಂಡನೊಡನೆ ತುಟಿ ಪಿಟಕ್ಕೆನ್ನಲಿಲ್ಲ. ಅವನ ಕುತ್ತಿಗೆಗೆ ಶಾಲು ಮಾತ್ರ ಬಿಗಿಯಾಗಿ ಸುತ್ತಿದಳು. ಆ ಚಳಿಗಾಲವನ್ನು ತ್ರೈಲೊ ಹೇಗೋ ದಾಟಿದ. ಒಲೆ ಆರದಂತೆ ನೋಡಿಕೊಂಡವಳು ಅವಳೇ. ಅವಳಿಗೆ ಕನಸು ಬೀಳುವುದು ಪೂರ್ತಿ ನಿಂತಿತ್ತು, ಮೇಜಿಲ್ಲ, ಜೇನಿಲ್ಲ, ಕೈಗಳೂ ಇಲ್ಲ. ಮಗನನ್ನು ಎರಡನೇ ಸಲ ಕಳೆದುಕೊಂಡೆ ಎಂದು ಹಿತ್ತಲಲ್ಲಿ ಕೋಳಿಗೆ ಕಾಳು ಹಾಕುತ್ತ ಬಿಕ್ಕಿ ಬಿಕ್ಕಿ ಅತ್ತಳು. ಅದನ್ನು ಪೆರ್ಸ ಬೇಲಿಯಾಚೆಯಿಂದ ನೋಡಿದಳು, ರೇಗಿಸಲಿಲ್ಲ.

ಏಪ್ರಿಲಿನಲ್ಲಿ ಇಬ್ಬರಿಗೂ ವೀಸಾ ಬಂತು. ಹೊರಡುವ ಹಿಂದಿನ ದಿನ ಸ್ಮಶಾನಕ್ಕೆ ಹೋದರು. ಗೋರಿಯ ಕರಿಕಲ್ಲಿನ ಮೇಲೆ ಮೂವರ ಮುಖವನ್ನೂ ಮೊದಲೇ ಕೆತ್ತಿಸಿದ್ದರು. ಯಾಂಕುವಿನ ಕೆಳಗೆ ಎರಡು ಇಸವಿ, ಅವರಿಬ್ಬರ ಕೆಳಗೆ ಒಂದೊಂದೇ. ತ್ರೈಲೊ ಬತ್ತಿಯನ್ನು ಹಚ್ಚಲು ಮೂರು ಸಲ ಪ್ರಯತ್ನಿಸಿದ. ಮೂರು ಸಲವೂ ಕಿಡಿ ಬಂತು, ಗಾಳಿಗೆ ಆರಿಹೋಯಿತು. "ಬಿಡು, ಇಲ್ಲಿ ಬೇಡ ಅಂತಾನೇನೋ," ಎಂದು ಫ್ಲೋರಿಕ ಅಂದಳು. ಆ ಕಚೇರಿಯಿಂದ ಬಂದ ಮೇಲೆ ಅವಳು ಅವನೊಡನೆ ಆಡಿದ ಮೊದಲ ನೆಟ್ಟಗಿನ ಮಾತು ಅದು.

ವಿಯೆನ್ನಾದಲ್ಲಿ ಬಿಸೆರ್ಕಳ ಮನೆ ಮೂರನೇ ಮಹಡಿ. ಆ ಮೆಟ್ಟಿಲುಗಳನ್ನು ಕಂಡು ಫ್ಲೋರಿಕಳಿಗೆ ಇದನ್ನು ನಾನೇ ತೊಳೆದಿದ್ದೆನೇನೋ ಅನ್ನಿಸಿತು. ಮೊದಲ ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ತ್ರೈಲೊ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಬಿಸೆರ್ಕ ಕಾಫಿ ಇಟ್ಟು ಕೆಲಸಕ್ಕೆ ಹೋಗಿದ್ದಳು. ಮುದುಕನ ಮುಖ ತೊಳೆದಿಟ್ಟ ಹಾಗಿತ್ತು. ಎದೆಯ ಗೊರಗೊರ ಕೂಡ ಕೇಳಿಸುತ್ತಿರಲಿಲ್ಲ.

"ಬಂದಿದ್ದ," ಎಂದ.

ಅವಳು ಅವನೆದುರು ಕುರ್ಚಿ ಎಳೆದುಕೊಂಡಳು. "ಇಷ್ಟು ದೂರ? ಏನಂದ?"

"ಏನೂ ಅನ್ಲಿಲ್ಲ. ಕೈ ಚಾಚ್ದ."

"ನೀನು?"

"ಕೊಟ್ಟೆ."

ಫ್ಲೋರಿಕ ಹೊರಬಾಗಿಲ ಹತ್ತಿರ ಹೋದಳು. ಕೋಟು ಮೊಳೆಯಲ್ಲಿತ್ತು. ಎರಡೂ ಜೇಬಿಗೆ ಕೈ ಹಾಕಿ ಹುಡುಕಿದಳು, ಒಳಜೇಬು ನೋಡಿದಳು, ನೆಲ ನೋಡಿದಳು. ಬತ್ತಿ ಇತ್ತು. ಲೈಟರ್ ಇರಲಿಲ್ಲ.